ಅಳದ ಮಗುವಿಗೆ ಉಸಿರು ಕೊಡುವ ತರಬೇತಿ: ಯಾವ ಕಲಿಸುವ ವಿಧಾನ ಕೈಯಲ್ಲಿ ಉಳಿಯುತ್ತದೆ ಎಂದು ಹೋಲಿಸಿ ನೋಡುವ ಬಗೆ

ತರಬೇತಿ ಮುಗಿದ ಸಂಜೆಯೇ ಪರೀಕ್ಷೆ ಇಟ್ಟರೆ ಎಲ್ಲ ವಿಧಾನಗಳೂ ಗೆಲ್ಲುತ್ತವೆ. ಉಪನ್ಯಾಸ ಕೇಳಿದವರೂ ಪಾಸು, ವಿಡಿಯೊ ನೋಡಿದವರೂ ಪಾಸು, ಗೊಂಬೆಯ ಮೇಲೆ ಕೈ ಪಳಗಿಸಿಕೊಂಡವರೂ ಪಾಸು. ಅದೇ ಸ್ಟಾಫ್ ನರ್ಸ್ ಮೂರು ತಿಂಗಳ ಮೇಲೆ ರಾತ್ರಿ ಪಾಳಿಯಲ್ಲಿ ಅಳದ ಮಗುವನ್ನು ಕೈಗೆತ್ತಿಕೊಂಡಾಗ, ಮೊದಲ ಒಂದು ನಿಮಿಷದೊಳಗೆ ಅಂಬು ಬ್ಯಾಗ್ (ಮಾಸ್ಕ್ ಮೂಲಕ ಗಾಳಿ ಕೊಡಲು ಕೈಯಲ್ಲಿ ಹಿಸುಕುವ ಚೀಲ) ಹಿಡಿದು ಎದೆ ಏಳುವಂತೆ ಗಾಳಿ ಕೊಡುತ್ತಾರೆಯೇ? ಹೋಲಿಕೆ ಉತ್ತರಿಸಬೇಕಾದದ್ದು ಈ ಪ್ರಶ್ನೆಗೆ. ನರ್ಸಿಂಗ್ ಕಾಲೇಜಿನ ಬೋಧಕರು, ಸ್ಕಿಲ್ ಲ್ಯಾಬ್ ನಡೆಸುವವರು, ಜಿಲ್ಲಾ ಮಟ್ಟದ ತರಬೇತುದಾರರು ತಮ್ಮಲ್ಲೇ ಇಂಥ ಹೋಲಿಕೆ ಮಾಡಿ ನೋಡಲು ಬೇಕಾದ ಹೆಜ್ಜೆಗಳು ಇಲ್ಲಿವೆ.

ಮರೆವು ಯಾಕೆ ಬರುತ್ತದೆ

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 85 ತಾವಾಗಿಯೇ ಉಸಿರಾಡುತ್ತವೆ. ಇನ್ನು ಹತ್ತು ಮಕ್ಕಳಿಗೆ ಚೆನ್ನಾಗಿ ಒರೆಸಿ, ಬೆನ್ನು ಉಜ್ಜಿದರೆ ಸಾಕು. ಅಂಬು ಬ್ಯಾಗ್ ಬೇಕಾಗುವುದು ಐದರಷ್ಟಕ್ಕೆ ಮಾತ್ರ. ತಿಂಗಳಿಗೆ 150 ಹೆರಿಗೆ ಆಗುವ ತಾಲ್ಲೂಕು ಆಸ್ಪತ್ರೆ ಎಂದಿಟ್ಟುಕೊಳ್ಳಿ: ಅಂಬು ಬ್ಯಾಗ್ ಬೇಕಾಗುವ ಮಕ್ಕಳು ಏಳೆಂಟು. ಮೂರು ಪಾಳಿಗಳಲ್ಲಿ ಹತ್ತು ಜನ ನರ್ಸ್‌ಗಳು ಹಂಚಿಕೊಂಡರೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ಮಗುವೂ ಬರುವುದಿಲ್ಲ. ತಿಂಗಳಿಗೆ ಹತ್ತು ಹೆರಿಗೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೆ ಎರಡು ತಿಂಗಳಿಗೊಮ್ಮೆ, ಅದೂ ಯಾರ ಡ್ಯೂಟಿಯಲ್ಲಿ ಬರುತ್ತದೋ ಅವರಿಗೆ. ಬಳಸದ ಕೈಚಳಕ ಜಂಗು ಹಿಡಿಯುತ್ತದೆ. ಆದ್ದರಿಂದ ಹೇಗೆ ಕಲಿಸಿದಿರಿ ಎಂಬುದರಷ್ಟೇ, ಕಲಿಸಿದ್ದನ್ನು ಎಷ್ಟು ದಿನಕ್ಕೊಮ್ಮೆ ಕೈಗೆ ಮುಟ್ಟಿಸಿದಿರಿ ಎಂಬುದೂ ಮುಖ್ಯ.

ಇದಕ್ಕೆ ಒಳ್ಳೆಯ ಸಾಕ್ಷಿ ಟಾಂಜಾನಿಯಾದ ಹೇಡೊಮ್ ಆಸ್ಪತ್ರೆಯದು. ಅಲ್ಲಿ 2010ರಲ್ಲಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ, ಅಳದ ಮಗುವಿಗೆ ಉಸಿರು ಕೊಡುವುದನ್ನು ಕಲಿಸುವ ಒಂದು ದಿನದ ತರಬೇತಿ ಕೊಟ್ಟು, ಏಳು ತಿಂಗಳ ನಂತರ ನೋಡಿದರು. ಗೊಂಬೆಯ ಮೇಲಿನ ಪರೀಕ್ಷೆಯಲ್ಲಿ ಪಾಸಾಗುವವರು ಹೆಚ್ಚಿದ್ದರು; ಲೇಬರ್ ರೂಮಿನಲ್ಲಿ ಮಕ್ಕಳಿಗೆ ಮಾಡುವುದರಲ್ಲಿ ಮಾತ್ರ ಬದಲಾವಣೆ ಇರಲಿಲ್ಲ. ಆಮೇಲೆ ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷದ ಅಭ್ಯಾಸ, ತಿಂಗಳಿಗೊಮ್ಮೆ 40 ನಿಮಿಷದ ಮರುತರಬೇತಿ ಶುರುಮಾಡಿದರು. ಮೊದಲ 24 ಗಂಟೆಗಳ ಶಿಶುಮರಣ ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಕಲಿಸಿದ ಪಾಠ ಅದೇ, ಗೊಂಬೆ ಅದೇ. ಹೊಸದಾಗಿ ಸೇರಿದ್ದು ಆಗಾಗಿನ ಚಿಕ್ಕ ಅಭ್ಯಾಸ.

ಹೆಜ್ಜೆ 1: ಒಂದೇ ಒಂದು ವ್ಯತ್ಯಾಸ ಆರಿಸಿಕೊಳ್ಳಿ

ಸಾಮಾನ್ಯವಾಗಿ ಎಡವುವುದು ಇಲ್ಲೇ. ಒಂದು ಗುಂಪಿಗೆ ಉಪನ್ಯಾಸ, ಇನ್ನೊಂದಕ್ಕೆ ಗೊಂಬೆ, ವಿಡಿಯೊ, ಎರಡು ಪಟ್ಟು ಸಮಯ ಮತ್ತು ಹೆಚ್ಚು ಉತ್ಸಾಹದ ಬೋಧಕರು ಎಲ್ಲವನ್ನೂ ಕೊಟ್ಟು, ಕೊನೆಗೆ ‘ಹೊಸ ವಿಧಾನವೇ ಮೇಲು’ ಎಂದು ಬರೆಯುತ್ತಾರೆ. ಗೆದ್ದದ್ದು ಗೊಂಬೆಯೋ, ಹೆಚ್ಚಿನ ಗಂಟೆಗಳೋ, ಬೋಧಕರೋ ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಉಪನ್ಯಾಸವೋ ಗೊಂಬೆಯೋ ಎಂಬ ಹೋಲಿಕೆಗೆ ಈಗ ಸಮಯ ಹಾಳು ಮಾಡಬೇಡಿ. ಕೈಕೆಲಸವನ್ನು ಕಿವಿಯಿಂದ ಕಲಿಯಲಾಗದು ಎಂಬುದು ಇತ್ಯರ್ಥವಾದ ಮಾತು. ಹೋಲಿಸಲು ಯೋಗ್ಯವಾದವು ಬೇರೆ ಇವೆ. ಒಂದೇ ಸಲದ ಕಾರ್ಯಾಗಾರವೋ, ಚಿಕ್ಕ ಚಿಕ್ಕ ವಾರದ ಅಭ್ಯಾಸವೋ. ಸನ್ನಿವೇಶ ಪೂರ್ತಿ ಮುಗಿದ ಮೇಲೆ ಕೂತು ಚರ್ಚಿಸುವುದೋ, ತಪ್ಪಾದ ಕ್ಷಣದಲ್ಲೇ ನಿಲ್ಲಿಸಿ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ಮಾಡಿಸುವುದೋ. ಹೊರಗಿನ ಬೋಧಕರೋ, ಅದೇ ಲೇಬರ್ ರೂಮಿನ ಹಿರಿಯ ಸಿಸ್ಟರೋ. ಗಾಳಿಯ ಸೋರಿಕೆಯನ್ನು ಪರದೆಯ ಮೇಲೆ ತೋರಿಸುವ ಸೆನ್ಸರ್ ಗೊಂಬೆಯೋ, ಸಾದಾ ಗೊಂಬೆಯೋ.

ಇವುಗಳಲ್ಲಿ ನಮ್ಮ ಆಸ್ಪತ್ರೆಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮೊದಲನೆಯದು. ಹಾಗಾಗಿ ಮುಂದಿನ ಹೆಜ್ಜೆಗಳಿಗೆ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ.

ಹೆಜ್ಜೆ 2: ಗಂಟೆಗಳನ್ನು ಸಮ ಮಾಡಿ

‘ಎ’ ಗುಂಪಿಗೆ ಮೊದಲ ದಿನ 7 ಗಂಟೆಯ ಕಾರ್ಯಾಗಾರ, 12ನೇ ವಾರ 4 ಗಂಟೆಯ ಮರುತರಬೇತಿ. ಒಟ್ಟು 11 ಗಂಟೆ. ‘ಬಿ’ ಗುಂಪಿಗೆ ಮೊದಲ ದಿನ ಅದೇ 7 ಗಂಟೆ, ಆಮೇಲೆ ವಾರಕ್ಕೆ 10 ನಿಮಿಷದಂತೆ 24 ವಾರ. 240 ನಿಮಿಷ ಎಂದರೆ 4 ಗಂಟೆ, ಒಟ್ಟು ಮತ್ತೆ 11. ಈಗ ಎರಡು ಗುಂಪುಗಳ ನಡುವೆ ಉಳಿದ ವ್ಯತ್ಯಾಸ ಹಂಚಿಕೆ ಒಂದೇ.

ಮೊದಲ ದಿನ ಎರಡೂ ಗುಂಪಿಗೆ ಒಂದೇ ಬೋಧಕರು, ಒಂದೇ ಪಾಠ, ಆರು ಜನ ಕಲಿಯುವವರಿಗೆ ಒಬ್ಬ ಬೋಧಕ, ಇಬ್ಬರಿಗೆ ಒಂದು ಗೊಂಬೆ. ಇಬ್ಬರಿಗಿಂತ ಹೆಚ್ಚು ಜನಕ್ಕೆ ಒಂದು ಗೊಂಬೆ ಕೊಟ್ಟರೆ ಮೂರನೆಯವರು ನೋಡುತ್ತ ನಿಲ್ಲುತ್ತಾರೆ. ಅವರು ಬಂದದ್ದು ತರಬೇತಿಗೆ, ಆದದ್ದು ಪ್ರೇಕ್ಷಕರು.

ವಾರದ ಹತ್ತು ನಿಮಿಷ ಎಲ್ಲಿ ನಡೆಯಬೇಕು ಎಂಬುದನ್ನೂ ಬರೆದಿಡಿ. ಲೇಬರ್ ರೂಮಿನ ಶಿಶು ಆರೈಕೆ ಮೂಲೆಯಲ್ಲೇ, ಪಾಳಿ ಬದಲಾಗುವ ಹೊತ್ತಿನಲ್ಲಿ, ರೇಡಿಯಂಟ್ ವಾರ್ಮರ್ (ಮಗುವನ್ನು ಬೆಚ್ಚಗಿಡುವ ಮೇಜು) ಮೇಲೆ ಗೊಂಬೆ ಇಟ್ಟು ಮಾಡಿಸಿದರೆ ನಡೆಯುತ್ತದೆ. ಗೊಂಬೆಯನ್ನು ಮೇಲ್ವಿಚಾರಕರ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಮೂರನೇ ವಾರಕ್ಕೆ ಕೈಬಿಟ್ಟುಹೋಗುತ್ತದೆ. ಯಾರು, ಯಾವ ದಿನ, ಎಷ್ಟು ನಿಮಿಷ ಎಂದು ಗೋಡೆಯ ಮೇಲಿನ ಹಾಳೆಯಲ್ಲಿ ಗುರುತು ಹಾಕಿಸಿ. 24ರಲ್ಲಿ ಒಂಬತ್ತೇ ವಾರ ಅಭ್ಯಾಸ ಮಾಡಿದವರ ಸೋಲನ್ನು ವಿಧಾನದ ತಲೆಗೆ ಕಟ್ಟುವಂತಿಲ್ಲ. ಆದರೆ ಒಂಬತ್ತು ವಾರ ಮಾತ್ರ ಆಗಲು ಕಾರಣ ಏನು ಎಂಬುದು ಆ ವಿಧಾನದ ಬಗ್ಗೆಯೇ ಒಂದು ಸುದ್ದಿ, ಅದನ್ನೂ ದಾಖಲಿಸಿ.

ಹೆಜ್ಜೆ 3: ಗುಂಪು ಹಂಚುವುದು

ಒಂದೇ ಲೇಬರ್ ರೂಮಿನ ನರ್ಸ್‌ಗಳನ್ನು ಎರಡು ಗುಂಪಾಗಿ ಒಡೆಯಬೇಡಿ. ‘ಬಿ’ ಗುಂಪಿನವರು ಅಭ್ಯಾಸ ಮಾಡುವಾಗ ‘ಎ’ ಗುಂಪಿನವರು ಪಕ್ಕದಲ್ಲಿ ನಿಂತು ಕಲಿಯುತ್ತಾರೆ. ಕಲಿಯಬೇಕಾದದ್ದೇ, ಆದರೆ ಹೋಲಿಕೆ ಅಲ್ಲಿಗೆ ಸತ್ತಿತು. ಆಸ್ಪತ್ರೆಗಳನ್ನೇ ಚೀಟಿ ಎತ್ತಿ ಹಂಚಿ. ತಿಂಗಳ ಹೆರಿಗೆ ಸಂಖ್ಯೆ ಹತ್ತಿರ ಇರುವ ಆಸ್ಪತ್ರೆಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದು ಅತ್ತ, ಒಂದು ಇತ್ತ.

ಎಷ್ಟು ಜನ ಬೇಕು? ಆರು ತಿಂಗಳ ಮೇಲೆ ‘ಎ’ ಗುಂಪಿನಲ್ಲಿ ಅರ್ಧ ಜನ, ‘ಬಿ’ ಗುಂಪಿನಲ್ಲಿ ನೂರಕ್ಕೆ 80 ಜನ ಪಾಸಾಗಬಹುದೆಂದು ಊಹಿಸಿದರೆ, ಆ ಅಂತರವನ್ನು ನಂಬುವಂತೆ ಹಿಡಿಯಲು ಗುಂಪಿಗೆ ಸುಮಾರು 40 ಜನ ಬೇಕು. ವರ್ಗಾವಣೆ, ಹೆರಿಗೆ ರಜೆ, ಗುತ್ತಿಗೆ ಮುಗಿಯುವುದು ಇವೆಲ್ಲ ಇರುವುದರಿಂದ 50 ಎಂದಿಟ್ಟುಕೊಳ್ಳಿ. ಇದು ಒಬ್ಬೊಬ್ಬರನ್ನೇ ಹಂಚಿದಾಗಿನ ಲೆಕ್ಕ. ಆಸ್ಪತ್ರೆಗಳನ್ನು ಹಂಚಿದರೆ ಒಂದೇ ಕಡೆಯವರು ಒಂದೇ ರೀತಿ ಮಾಡುವ ಕಾರಣ ಸಂಖ್ಯೆ ಏರುತ್ತದೆ. ಒಂದು ಆಸ್ಪತ್ರೆಗೆ 10 ಜನ, ಅವರು ಒಬ್ಬರನ್ನೊಬ್ಬರು ಹೋಲುವ ಪ್ರಮಾಣ (0ರಿಂದ 1ರ ಅಳತೆಯಲ್ಲಿ) 0.1 ಎಂದಾದರೆ 1 + (10 − 1) × 0.1, ಅಂದರೆ 1.9 ಪಟ್ಟು. ಗುಂಪಿಗೆ 50 ಇದ್ದದ್ದು 95 ಆಯಿತು. ಇಷ್ಟು ಜನ ಒಂದು ಜಿಲ್ಲೆ ಮಟ್ಟದಲ್ಲಿ ಮಾತ್ರ ಸಿಗುತ್ತಾರೆ.

ನಿಮ್ಮಲ್ಲಿ ಇರುವುದೇ 12 ನರ್ಸ್ ಎಂದಾದರೆ ಎರಡು ಗುಂಪಿನ ನಾಟಕ ಬೇಡ. ಅದೇ ಜನರನ್ನು ಮೊದಲ ಮೂರು ತಿಂಗಳು ವಾರದ ಅಭ್ಯಾಸ ಇಲ್ಲದೆ, ಮುಂದಿನ ಮೂರು ತಿಂಗಳು ಅಭ್ಯಾಸದೊಂದಿಗೆ ಅಳೆಯಿರಿ. ಸಾಕ್ಷಿ ದುರ್ಬಲ, ಆದರೂ ನಿಮ್ಮ ಆಸ್ಪತ್ರೆಗೆ ಉಪಯೋಗಕ್ಕೆ ಬರುತ್ತದೆ.

ಶುರುಮಾಡುವ ಮುನ್ನ ನೈತಿಕ ಸಮಿತಿಯ ಒಪ್ಪಿಗೆ, ನರ್ಸ್‌ಗಳ ಲಿಖಿತ ಸಮ್ಮತಿ ಎರಡೂ ಬೇಕು. ಅಂಕಗಳು ಅವರ ಸೇವಾ ಕಡತಕ್ಕೆ ಹೋಗುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಡಿ. ಇಲ್ಲವಾದರೆ ಪರೀಕ್ಷೆಯ ದಿನ ಅರ್ಧ ಜನ ರಜೆ ಹಾಕುತ್ತಾರೆ, ಅದೂ ಕೈ ಕುದುರದ ಅರ್ಧ ಜನ.

ಹೆಜ್ಜೆ 4: ಸಾಮಾನು ಸರಿ ಇದೆಯೇ

ಗೊಂಬೆಯಲ್ಲಿ ಗಾಳಿ ಸರಿಯಾಗಿ ಹೋದಾಗ ಮಾತ್ರ ಎದೆ ಏಳಬೇಕು. ಕತ್ತು ಮಡಿಸಿದರೆ ದಾರಿ ಮುಚ್ಚಬೇಕು. ಇವೆರಡೂ ಇಲ್ಲದ ಆಟಿಕೆ ಗೊಂಬೆ ಒರೆಸುವುದನ್ನು ಕಲಿಸಲು ಆದೀತು, ಉಸಿರು ಕೊಡುವುದನ್ನು ಕಲಿಸಲು ಆಗದು. ನಿಯೊನ್ಯಾಟಲಿಯಂಥ ಗೊಂಬೆಗೆ ಎರಡು ಲೀಟರ್ ಉಗುರುಬೆಚ್ಚಗಿನ ನೀರು ತುಂಬಿದರೆ ಕೈಗೆ ಎರಡು ಕಿಲೊ ಮಗುವಿನ ಭಾರ ಸಿಗುತ್ತದೆ. ಬರೀ ಗಾಳಿ ತುಂಬಿದರೆ ಹಗುರಾಗಿ, ಮಾಸ್ಕ್ ಒತ್ತಿದಾಗ ತಲೆ ಜಾರುತ್ತದೆ. ಎರಡೂ ಗುಂಪಿಗೆ, ಎಲ್ಲ ಪರೀಕ್ಷೆಗೆ ಒಂದೇ ರೀತಿ ತುಂಬಿಸಿ.

ಬ್ಯಾಗ್ 250ರಿಂದ 500 ಮಿ.ಲೀ. ಅಳತೆಯ ನವಜಾತ ಶಿಶುವಿನದಾಗಿರಲಿ. ಮಾಸ್ಕ್ ದಿನ ತುಂಬಿದ ಮಗುವಿಗೆ 1ನೇ ಸಂಖ್ಯೆ, ಅವಧಿಗೆ ಮುಂಚೆ ಹುಟ್ಟಿದ್ದಕ್ಕೆ 0. ಪ್ರತಿ ಪರೀಕ್ಷೆಗೆ ಮುನ್ನ ಮಾಸ್ಕಿನ ಬಾಯಿಯನ್ನು ಅಂಗೈಗೆ ಒತ್ತಿ ಬ್ಯಾಗ್ ಹಿಸುಕಿ ನೋಡಿ. ಕೈಗೆ ಒತ್ತಡ ತಾಗಬೇಕು, ಜೋರಾಗಿ ಹಿಸುಕಿದರೆ ಹೆಚ್ಚಾದ ಒತ್ತಡ ಹೊರಬಿಡುವ ಪಾಪ್-ಆಫ್ ವಾಲ್ವ್ ಸದ್ದು ಮಾಡಿ ತೆರೆಯಬೇಕು, ಬಿಟ್ಟಾಗ ಬ್ಯಾಗ್ ತಕ್ಷಣ ಉಬ್ಬಬೇಕು. ತೊಳೆದು ಜೋಡಿಸುವಾಗ ವಾಲ್ವ್‌ನ ಪೊರೆ ತಿರುಗಾಮುರುಗಾ ಆಗಿರುವುದು, ಅಥವಾ ಬಿದ್ದೇ ಹೋಗಿರುವುದು, ತೀರಾ ಸಾಮಾನ್ಯ. ಹರಿದ ಬ್ಯಾಗ್ ಕೊಟ್ಟು ನರ್ಸ್‌ಗೆ ಸೊನ್ನೆ ಹಾಕಿದರೆ ಅಳೆದದ್ದು ಸ್ಟೋರ್‌ನ ಕೆಲಸವನ್ನು.

ಹೆಜ್ಜೆ 5: ಅಳತೆಯ ಹಾಳೆ

ಬರಹ ಪರೀಕ್ಷೆ ಇರಲಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ‘ನಿಮಿಷಕ್ಕೆ ಎಷ್ಟು ಉಸಿರು?’ ಎಂದರೆ 40ರಿಂದ 60 ಎಂದು ಎಲ್ಲರೂ ಬರೆಯುತ್ತಾರೆ. ಬರೆದ ಕೈಯೇ ಬ್ಯಾಗ್ ಹಿಡಿದಾಗ ಗಾಬರಿಯಲ್ಲಿ 90 ಸಲ ಹಿಸುಕುತ್ತದೆ.

ಗೊಂಬೆಯ ಪರೀಕ್ಷೆಗೆ 12 ಅಂಶಗಳ ಹಾಳೆ ಸಾಕು: ಬ್ಯಾಗ್ ಪರೀಕ್ಷಿಸಿ ಸಿದ್ಧತೆ, ಒರೆಸಿ ಒದ್ದೆ ಬಟ್ಟೆ ತೆಗೆಯುವುದು, ಅಳುತ್ತಿಲ್ಲ ಎಂದು ಗುರುತಿಸುವುದು, ತಲೆಯ ಸ್ಥಾನ, ಅಗತ್ಯವಿದ್ದರೆ ಮಾತ್ರ ಮೊದಲು ಬಾಯಿ ಆಮೇಲೆ ಮೂಗು ಶುಚಿ, ಬೆನ್ನು ಉಜ್ಜುವುದು, ಹೊಕ್ಕುಳಬಳ್ಳಿ ಕತ್ತರಿಸಿ ವಾರ್ಮರ್‌ಗೆ ತರುವುದು, ಸಹಾಯಕ್ಕೆ ಕೂಗುವುದು, 60 ಸೆಕೆಂಡ್‌ನೊಳಗೆ ಮೊದಲ ಉಸಿರು, ಮೊದಲ ಐದು ಉಸಿರಿನೊಳಗೆ ಎದೆ ಏಳುವುದು, ನಿಮಿಷಕ್ಕೆ 40ರಿಂದ 60ರ ವೇಗ, ಎದೆ ಏಳದಿದ್ದರೆ ಸರಿಪಡಿಸುವ ಕ್ರಮ. ಕೊನೆಯ ನಾಲ್ಕು ಕಡ್ಡಾಯ. ಪಾಸು ಎಂದರೆ 12ಕ್ಕೆ 10, ಮತ್ತು ಆ ನಾಲ್ಕೂ ಇರಲೇಬೇಕು. ಕಡ್ಡಾಯದ ಗೆರೆ ಎಳೆಯದಿದ್ದರೆ ಏನಾಗುತ್ತದೆ ನೋಡಿ: ಒಬ್ಬರು ಸೊಗಸಾಗಿ ಒರೆಸಿ, ಶುಚಿ ಮಾಡಿ, ಎಲ್ಲ ಕ್ರಮ ಪಾಲಿಸಿ, ಮಾಸ್ಕ್‌ನಿಂದ ಗಾಳಿಯೆಲ್ಲ ಹೊರಗೆ ಬಿಟ್ಟು 12ಕ್ಕೆ 10 ಪಡೆಯುತ್ತಾರೆ. ಮಗು ಮಾತ್ರ ಉಸಿರಾಡಿಲ್ಲ.

ಎದೆ ಏಳುವುದನ್ನು ಹತ್ತಿರದಿಂದ ನೋಡಬೇಕು. ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ ಬಳೆಯಂತೆ ಕೂತು, ಉಳಿದ ಮೂರು ಬೆರಳು ದವಡೆಯ ಮೂಳೆಯನ್ನು ಮೇಲಕ್ಕೆತ್ತಬೇಕು. ತಪ್ಪು ಎರಡು ಕಡೆ ಅಡಗಿರುತ್ತದೆ. ಒಂದು, ಮೂರು ಬೆರಳು ಮೂಳೆಯ ಬದಲು ಗದ್ದದ ಕೆಳಗಿನ ಮೆತ್ತನೆ ಭಾಗ ಒತ್ತುತ್ತವೆ. ನಿಜವಾದ ಮಗುವಿನಲ್ಲಿ ಇದರಿಂದ ನಾಲಿಗೆ ಹಿಂದಕ್ಕೆ ತಳ್ಳಿ ದಾರಿ ಮುಚ್ಚುತ್ತದೆ, ಗೊಂಬೆ ಅದನ್ನು ತೋರಿಸುವುದಿಲ್ಲ. ಇನ್ನೊಂದು, ಬಲಗೈಯಲ್ಲಿ ಬ್ಯಾಗ್ ಹಿಸುಕುವ ರಭಸಕ್ಕೆ ಎಡಗೈಯ ಮಾಸ್ಕ್ ಓರೆಯಾಗಿ, ಕೆನ್ನೆಯ ಪಕ್ಕದಲ್ಲಿ ಸಣ್ಣ ಸಂದು ಬಿಡುತ್ತದೆ. ತಲೆಯ ಕಡೆ ನಿಂತವರಿಗೆ ಅದು ಕಾಣದು, ‘ಸುಯ್’ ಎಂಬ ಸದ್ದು ಮಾತ್ರ. ಆದ್ದರಿಂದ ಅಂಕ ಹಾಕುವವರು ಬದಿಯಲ್ಲಿ, ಗೊಂಬೆಯ ಎದೆಯ ಮಟ್ಟಕ್ಕೆ ಕಣ್ಣು ಬರುವಂತೆ ಕುಳಿತುಕೊಳ್ಳಬೇಕು. ನಿಂತು ನೋಡಿ ಹಾಕಿದ ಅಂಕ ಯಾವಾಗಲೂ ಉದಾರ.

ಎದೆ ಏಳದಿದ್ದಾಗ ಏನು ಮಾಡುತ್ತಾರೆ ಎಂಬುದು ಒಳ್ಳೆಯ ತರಬೇತಿಯನ್ನೂ ಉರುಹೊಡೆದ ತರಬೇತಿಯನ್ನೂ ಬೇರ್ಪಡಿಸುತ್ತದೆ. ಮಾಸ್ಕ್ ಮತ್ತೆ ಕೂರಿಸುವುದು, ತಲೆ ಸರಿಪಡಿಸುವುದು, ಬಾಯಲ್ಲಿ ಲೋಳೆ ಇದೆಯೇ ನೋಡುವುದು, ಬಾಯಿ ಸ್ವಲ್ಪ ತೆರೆಸುವುದು, ಆಮೇಲೆ ಇನ್ನಷ್ಟು ಒತ್ತಿ ಹಿಸುಕುವುದು. ಹೆಚ್ಚಿನವರು ಮೊದಲ ನಾಲ್ಕನ್ನು ಬಿಟ್ಟು ನೇರವಾಗಿ ಕೊನೆಯದಕ್ಕೆ ಹೋಗುತ್ತಾರೆ. ಪರೀಕ್ಷೆಯಲ್ಲಿ ಇದನ್ನು ಹೊರತೆಗೆಯಲು ಗೊಂಬೆಯ ಕತ್ತನ್ನು ಬೇಕೆಂದೇ ಸ್ವಲ್ಪ ಮಡಿಸಿ ಕೊಡಿ.

ಗಡಿಯಾರ ಶುರುವಾಗುವುದು ಮಗು ಪೂರ್ತಿ ಹೊರಬಂದ ಕ್ಷಣಕ್ಕೆ, ವಾರ್ಮರ್ ತಲುಪಿದಾಗ ಅಲ್ಲ. ವೇಗ ಎಣಿಸಲು 30 ಸೆಕೆಂಡ್ ಸಾಕು: 20ರಿಂದ 30 ಹಿಸುಕು ಸರಿ. ತಡವಾಗುವುದು ಎಲ್ಲಿ ಎಂದೂ ಬರೆದುಕೊಳ್ಳಿ. ಹೆಚ್ಚಾಗಿ ಸಮಯ ಸಕ್ಷನ್ (ಲೋಳೆ ಹೀರುವುದು) ಮತ್ತು ಅಂಗಾಲು ತಟ್ಟುವುದರಲ್ಲಿ ಸೋರಿಹೋಗಿರುತ್ತದೆ. ಎರಡು ಮೂರು ಸಲ ಬೆನ್ನು ಉಜ್ಜಿದ ಮೇಲೂ ಉಸಿರು ಬಾರದ ಮಗುವಿಗೆ ಹತ್ತು ಸಲ ತಟ್ಟಿದರೂ ಬರುವುದಿಲ್ಲ.

ಹೆಜ್ಜೆ 6: ಅಂಕ ಹಾಕುವವರು

ಕಲಿಸಿದವರು ಅಂಕ ಹಾಕಬಾರದು, ಹಾಕುವವರಿಗೆ ಯಾರು ಯಾವ ಗುಂಪು ಎಂದು ಗೊತ್ತಿರಬಾರದು. ಸುಲಭ ಉಪಾಯ: ಕೈ ಮತ್ತು ಗೊಂಬೆ ಮಾತ್ರ ಕಾಣುವಂತೆ ಮೊಬೈಲ್‌ನಲ್ಲಿ ವಿಡಿಯೊ ತೆಗೆದು, ಸಂಖ್ಯೆ ಹಾಕಿ, ಬೇರೆ ಜಿಲ್ಲೆಯ ಇಬ್ಬರಿಗೆ ಕಳಿಸುವುದು. ಕ್ಯಾಮೆರಾ ಎದೆಯ ಮಟ್ಟದಲ್ಲೇ ಇರಬೇಕು, ಮೇಲಿನಿಂದ ತೆಗೆದರೆ ಎದೆ ಎದ್ದದ್ದು ತಿಳಿಯದು.

ಮೊದಲು ಇಬ್ಬರಿಗೂ ಅದೇ 10 ವಿಡಿಯೊ ಕೊಟ್ಟು ನೋಡಿ. 12 ಅಂಶದಂತೆ 120 ತೀರ್ಮಾನಗಳು. 102ರಲ್ಲಿ ಒಪ್ಪಿದರೆ ನೂರಕ್ಕೆ 85. ಆಕಸ್ಮಿಕ ಒಪ್ಪಿಗೆ ಕಳೆದು ಉಳಿಯುವ ಕಪ್ಪಾ ಅಳತೆ 0.6ಕ್ಕಿಂತ ಕಡಿಮೆ ಬಂದರೆ ಹಾಳೆಯ ಮಾತುಗಳನ್ನು ತಿದ್ದಿ. ‘ಸರಿಯಾಗಿ ಒರೆಸಿದರು’ ಎಂಬಂಥ ವಾಕ್ಯದಲ್ಲಿ ಜಗಳ ಹುಟ್ಟುತ್ತದೆ; ‘ತಲೆ, ಬೆನ್ನು, ಕೈಕಾಲು ಒರೆಸಿ ಒದ್ದೆ ಬಟ್ಟೆ ಬದಿಗಿಟ್ಟರು’ ಎಂದರೆ ಹುಟ್ಟುವುದಿಲ್ಲ.

ಹೆಜ್ಜೆ 7: ಯಾವಾಗ ಅಳೆಯಬೇಕು

ನಾಲ್ಕು ಸಲ ಸಾಕು: ತರಬೇತಿಗೆ ಮುನ್ನ, ಮುಗಿದ ದಿನ, 12ನೇ ವಾರ, 24ನೇ ವಾರ. 12ನೇ ವಾರದ್ದು ‘ಎ’ ಗುಂಪಿನ ಮರುತರಬೇತಿ ಶುರುವಾಗುವ ಮುನ್ನ ಆಗಬೇಕು. ‘ಬಿ’ ಗುಂಪಿಗೆ ಹಿಂದಿನ ಅಭ್ಯಾಸದಿಂದ ಕನಿಷ್ಠ ಐದಾರು ದಿನ ಬಿಟ್ಟು ಅಳೆಯಿರಿ, ಬೆಳಿಗ್ಗೆ ಅಭ್ಯಾಸ ಮಾಡಿ ಮಧ್ಯಾಹ್ನ ಪರೀಕ್ಷೆ ಬರೆದಂತೆ ಆಗಬಾರದು. ಪ್ರತಿ ತಿಂಗಳೂ ಅಳೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ಪರೀಕ್ಷೆಯೇ ಒಂದು ಅಭ್ಯಾಸ. ಹೆಚ್ಚಾದಷ್ಟೂ ‘ಎ’ ಗುಂಪು ನಿಮಗೆ ತಿಳಿಯದಂತೆ ‘ಬಿ’ ಆಗುತ್ತ ಹೋಗುತ್ತದೆ. ದಿನಾಂಕ ಮುಂಚೆ ಹೇಳಬೇಡಿ.

ಒಂದು ಇಕ್ಕಟ್ಟು ಖಂಡಿತ ಎದುರಾಗುತ್ತದೆ. 12ನೇ ವಾರ ಒಬ್ಬರು ಕಡ್ಡಾಯದ ನಾಲ್ಕರಲ್ಲಿ ಮೂರು ತಪ್ಪುತ್ತಾರೆ, ಒಂದು ಗಂಟೆಯಲ್ಲಿ ಅವರಿಗೆ ಲೇಬರ್ ರೂಮ್ ಡ್ಯೂಟಿ. ಅಧ್ಯಯನ ಕೆಡುತ್ತದೆಂದು ಸುಮ್ಮನೆ ಕಳಿಸಬಾರದು. ಅಂಕ ಹಾಕಿದ ಮೇಲೆ ಅಲ್ಲೇ ಐದು ನಿಮಿಷ ತಿದ್ದಿ, ಎದೆ ಏಳುವವರೆಗೆ ಮಾಡಿಸಿ, ಆ ನಿಮಿಷಗಳನ್ನು ಅವರ ತರಬೇತಿ ಗಂಟೆಗೆ ಸೇರಿಸಿ. ಈ ನಿಯಮ ಎರಡೂ ಗುಂಪಿಗೆ ಮೊದಲೇ ಬರೆದಿರಲಿ.

ಹೆಜ್ಜೆ 8: ಲೇಬರ್ ರೂಮಿನ ರಿಜಿಸ್ಟರ್

ಹೆರಿಗೆ ರಿಜಿಸ್ಟರ್‌ಗೆ ನಾಲ್ಕು ಅಂಕಣ ಸೇರಿಸಿ: ಹುಟ್ಟಿದ ಕೂಡಲೇ ಅತ್ತಿತೇ, ಅಂಬು ಬ್ಯಾಗ್ ಬಳಸಿದರೇ, ಎಷ್ಟು ಸೆಕೆಂಡಿಗೆ ಶುರು, ಮಗುವಿನ ಸ್ಥಿತಿ. ಸೆಕೆಂಡಿನ ಅಂಕಣ ನಂಬುವಂತಿರುವುದು ಬೇರೊಬ್ಬರು ಗಡಿಯಾರ ನೋಡಿದಾಗ ಮಾತ್ರ. ನೆನಪಿನಿಂದ ಬರೆದದ್ದೆಲ್ಲ 60ಕ್ಕಿಂತ ಕಡಿಮೆಯೇ ಇರುತ್ತದೆ.

ಸಾವಿನ ಸಂಖ್ಯೆ ಓದುವಾಗ ಕರ್ನಾಟಕದ್ದೇ ಒಂದು ಪಾಠ ಇದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು 599 ಹೆರಿಗೆ ಸಿಬ್ಬಂದಿಗೆ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಕಲಿಸಿ, ಮುಂಚಿನ 4187 ಮತ್ತು ನಂತರದ 5411 ಹೆರಿಗೆಗಳನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಸತ್ತು ಹುಟ್ಟಿದವು ನೂರಕ್ಕೆ 3.0ರಿಂದ 2.3ಕ್ಕೆ, ಅದರಲ್ಲೂ ಹೆರಿಗೆಯ ಹೊತ್ತಿಗೆ ಸತ್ತವೆಂದು ಗುರುತಿಸಿದವು 1.7ರಿಂದ 0.9ಕ್ಕೆ ಇಳಿದವು. ನವಜಾತ ಶಿಶು ಮರಣ ಮಾತ್ರ 1.8, 1.9 ಎಂದು ಹೆಚ್ಚುಕಡಿಮೆ ಅಲ್ಲೇ ನಿಂತಿತು. ಬರೀ ಕೊನೆಯ ಸಂಖ್ಯೆ ನೋಡಿದವರು ತರಬೇತಿ ವ್ಯರ್ಥ ಎನ್ನುತ್ತಾರೆ. ಉಸಿರಿಲ್ಲದೆ, ಅಲುಗಾಡದೆ ಬಂದ ಮಗುವನ್ನು ಮುಂಚೆ ‘ಸತ್ತು ಹುಟ್ಟಿದ್ದು’ ಎಂದು ಬರೆದು ಮುಗಿಸುತ್ತಿದ್ದ ಕಡೆ, ಕಲಿತವರು ಬ್ಯಾಗ್ ಹಿಡಿಯುತ್ತಾರೆ. ಹಾಗೆ ಉಳಿದವುಗಳಲ್ಲಿ ತೀರಾ ಬಳಲಿದ ಕೆಲವು ಮುಂದೆ ಸತ್ತರೆ, ಅವು ಒಂದು ಅಂಕಣದಿಂದ ಇನ್ನೊಂದಕ್ಕೆ ದಾಟಿರುತ್ತವೆ. ಹಾಗಾಗಿ ಹೆರಿಗೆ ಹೊತ್ತಿನ ಸಾವು ಮತ್ತು ಮೊದಲ 24 ಗಂಟೆಯ ಸಾವು ಎರಡನ್ನೂ ಕೂಡಿಸಿ ನೋಡಿ. ಒಂದೇ ಆಸ್ಪತ್ರೆಯ ಆರು ತಿಂಗಳ ಸಾವಿನ ಸಂಖ್ಯೆ ತೀರಾ ಚಿಕ್ಕದು, ಅದರ ಮೇಲೆ ವಿಧಾನಗಳಿಗೆ ತೀರ್ಪು ಕೊಡಲು ಹೋಗಬೇಡಿ. ಬ್ಯಾಗ್ ಶುರುವಾದ ಸಮಯವೇ ಹೆಚ್ಚು ಮಾತಾಡುತ್ತದೆ.

ಹೆಜ್ಜೆ 9: ಲೆಕ್ಕ ಹಾಕುವುದು

ಮೊದಲ ಉಸಿರಿನ ಸಮಯಕ್ಕೆ ಸರಾಸರಿ ಬೇಡ, ಎಲ್ಲರ ಸಮಯವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ (ಮೀಡಿಯನ್) ಕೊಡಿ. ಒಬ್ಬರು ನಾಲ್ಕು ನಿಮಿಷ ತೆಗೆದುಕೊಂಡರೆ ಇಡೀ ಗುಂಪಿನ ಸರಾಸರಿ ಎಳೆದುಹೋಗುತ್ತದೆ. ವರ್ಗವಾಗಿ ಹೋದವರನ್ನು ಮೆಲ್ಲಗೆ ಕೈಬಿಡಬೇಡಿ. ಎಷ್ಟು ಜನ, ಯಾವ ಗುಂಪಿನಿಂದ, ಹೋಗುವ ಮುನ್ನ ಅವರ ಅಂಕ ಏನಿತ್ತು ಎಂದು ತೋರಿಸಿ. ಹಂಚಿದ ಗುಂಪಿನಲ್ಲೇ ಎಲ್ಲರನ್ನೂ ಎಣಿಸಿ, ವಾರದ ಅಭ್ಯಾಸ ತಪ್ಪಿಸಿಕೊಂಡವರನ್ನೂ ಸೇರಿಸಿ.

ಕೊನೆಗೆ ಖರ್ಚು. ತರಬೇತಿ ಪಡೆದ ತಲೆಗೆ ಎಷ್ಟು ಎಂದು ಭಾಗಿಸುವುದು ರೂಢಿ. ಅದರ ಬದಲು 24ನೇ ವಾರದಲ್ಲಿ ಪಾಸಾದ ತಲೆಗೆ ಎಷ್ಟು ಎಂದು ಭಾಗಿಸಿ. ಲೆಕ್ಕಕ್ಕೆಂದು ಒಂದು ಉದಾಹರಣೆ: ಎರಡೂ ಗುಂಪಿಗೆ ತಲಾ 1,00,000 ರೂಪಾಯಿ, ತಲಾ 50 ಜನ. ತಲೆಗೆ 2,000 ಎಂದರೆ ಎರಡೂ ಒಂದೇ. ಆರು ತಿಂಗಳಿಗೆ ‘ಎ’ಯಲ್ಲಿ 20, ‘ಬಿ’ಯಲ್ಲಿ 40 ಜನ ಪಾಸಾಗಿದ್ದರೆ 5,000 ಮತ್ತು 2,500. ‘ಬಿ’ ಗುಂಪಿನ ಖರ್ಚಿಗೆ ವಾರವಾರ ಅಭ್ಯಾಸ ಮಾಡಿಸಿದ ಹಿರಿಯ ಸಿಸ್ಟರ್ ಅವರ ಸಮಯವನ್ನೂ ಹಾಕಿ. ಅದನ್ನು ಪುಕ್ಕಟೆ ಎಂದು ಬರೆದರೆ ಮುಂದಿನ ವರ್ಷ ಆ ಕೆಲಸಕ್ಕೆ ಯಾರನ್ನೂ ನೇಮಿಸುವುದಿಲ್ಲ.